ಆಗುಂಬೆ ಇಳಿಸಿದ ಎರಡನೆಯ ಗೇರು

ಎಡ ಮೊಣಕಾಲಿಗೆ ಇನ್ನು ಕ್ಲಚ್ಚಿನ ಕೆಲಸ ಬೇಡವೆಂದು ಡಾಕ್ಟರರು ಹೇಳಿದ ದಿನವೇ ಮಗ ಆಟೋಮ್ಯಾಟಿಕ್ ಕಾರುಗಳ ಬೆಲೆಪಟ್ಟಿ ತಂದು ಮೇಜಿನ ಮೇಲಿಟ್ಟ. ಹದಿಮೂರು ವರ್ಷ ಹಳೆಯ ನಮ್ಮ ಗೇರಿನ ಕಾರನ್ನು ಮಾರುವುದೆಂದು ಮನೆಯಲ್ಲಿ ಬಹುಮತದ ತೀರ್ಮಾನವಾಯಿತು. ನನ್ನದು ಒಂದೇ ಷರತ್ತು: ಮಾರುವ ಮೊದಲು ಅದರಲ್ಲೇ ಒಮ್ಮೆ ಊರಿಗೆ ಹೋಗಿಬರಬೇಕು. ಊರೆಂದರೆ ಹೆಬ್ರಿ. ಕರಾವಳಿಯ ದಾರಿಯಿತ್ತು, ಆದರೆ ನಾದಿನಿಯ ಮನೆ ತೀರ್ಥಹಳ್ಳಿಯಲ್ಲಿ. ಹಾಗಾಗಿ ಪುಣೆ, ಕೊಲ್ಲಾಪುರ, ಹುಬ್ಬಳ್ಳಿ, ಶಿವಮೊಗ್ಗ ಎಂದು ಸುತ್ತಿ ಆಗುಂಬೆ ಘಾಟಿ ಇಳಿಯುವುದೆಂದಾಯಿತು. ನಿಜ ಹೇಳಬೇಕೆಂದರೆ ನಾದಿನಿ ಬರಿಯ ನೆಪ, ಆಸೆಯಿದ್ದುದು ಘಾಟಿಯ ಮೇಲೆ.

ನಾನು ಗೇರು ಹಾಕಲು ಕಲಿತದ್ದು ದೊಡ್ಡಪ್ಪನ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯಲ್ಲಿ, ವಡಾಲದ ರಸ್ತೆಗಳಲ್ಲಿ, ರಾತ್ರಿ ಹನ್ನೊಂದರ ನಂತರ. ನಮ್ಮ ಕುರ್ಲಾದಲ್ಲೇ ತಯಾರಾಗುತ್ತಿದ್ದ ಆ ಗಾಡಿಯ ಗೇರಿನ ಹಿಡಿ ಸ್ಟೀರಿಂಗಿನ ಪಕ್ಕಕ್ಕೇ ಅಂಟಿಕೊಂಡಿತ್ತು. "ಕೈಯಿಂದಲ್ಲ ಮಾರಾಯ, ಕಿವಿಯಿಂದ ಗೇರು ಹಾಕು" ಎನ್ನುತ್ತಿದ್ದರು ದೊಡ್ಡಪ್ಪ. ಎಂಜಿನ್ ಗೊಣಗಿದರೆ ಕೆಳಗಿನ ಗೇರು, ಕಿರುಚಿದರೆ ಮೇಲಿನದು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿ ಮುಗಿದ ಸುದ್ದಿ ಓದಿದಾಗಲೂ ನೆನಪಾದದ್ದು ಈ ಮಾತೇ.

ಹೆದ್ದಾರಿಯ ಬಗ್ಗೆ ಹೆಚ್ಚು ಹೇಳುವಂಥದಿಲ್ಲ. ಖಂಬಾಟ್ಕಿ ಘಾಟಿಯಲ್ಲಿ ಸ್ವಲ್ಪ ಗೇರಿನ ಕೆಲಸ ಬಿದ್ದದ್ದು ಬಿಟ್ಟರೆ ಸಾತಾರಾ ದಾಟಿ ನಿಪ್ಪಾಣಿ, ಬೆಳಗಾವಿಯವರೆಗೂ ಐದನೆಯ ಗೇರು ಹಾಕಿದ್ದು ಹಾಗೇ ಇತ್ತು. ಅಂಥ ರಸ್ತೆಯಲ್ಲಿ ಗೇರಿನ ಗಾಡಿಗೂ ಆಟೋಮ್ಯಾಟಿಕ್‌ಗೂ ವ್ಯತ್ಯಾಸವೇ ತಿಳಿಯದು.

ತೀರ್ಥಹಳ್ಳಿಯಿಂದ ನಾದಿನಿಯ ಮಗನೂ ತನ್ನ ಹೊಸ ಆಟೋಮ್ಯಾಟಿಕ್ ಕಾರಿನಲ್ಲಿ ನಮ್ಮ ಹಿಂದೆ ಹೊರಟ. ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಬಳಿ ನಿಂತು, ಕೆಳಗೆ ಮಂಜಿನಲ್ಲಿ ಅರ್ಧ ಮುಳುಗಿದ್ದ ಕಾಡು ನೋಡಿ, ಇಳಿಯತೊಡಗಿದೆವು. ಅಲ್ಲಿಂದ ಸೋಮೇಶ್ವರದವರೆಗೆ ಹದಿನಾಲ್ಕು ಹಿಮ್ಮುರಿ ತಿರುವುಗಳು. ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಹಳೆಯ ಡ್ರೈವರುಗಳ ಲೆಕ್ಕ. ಎರಡನೆಯ ಗೇರು ಹಾಕಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ ಚಕ್ರಗಳನ್ನು ತಿರುಗಿಸುವ ಬದಲು ಚಕ್ರಗಳೇ ಎಂಜಿನನ್ನು ತಿರುಗಿಸಬೇಕಾಗುತ್ತದೆ. ಅದು ಅಷ್ಟು ಸುಲಭಕ್ಕೆ ಒಪ್ಪುವ ಪ್ರಾಣಿಯಲ್ಲ. ಆ ಹಟವೇ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ. ಬ್ರೇಕು ತಿರುವಿನಲ್ಲಿ ಮಾತ್ರ ಮುಟ್ಟಿದರೆ ಸಾಕು.

ಆರನೆಯದೋ ಏಳನೆಯದೋ ತಿರುವು. ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್. ಸ್ವಲ್ಪ ಅಗಲವಿದ್ದ ಕಡೆ ನಿಲ್ಲಿಸಿ ಹೋಗಿ ನೋಡಿದರೆ ಹುಡುಗನ ಮುಖ ಬಿಳಿಚಿತ್ತು. ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ, ತೆಳ್ಳನೆಯ ಹೊಗೆ. ಹಿಡಿಯನ್ನು 'ಡಿ'ಯಲ್ಲೇ ಇಟ್ಟು, ಮೇಲಿನಿಂದ ಅಲ್ಲಿಯವರೆಗೂ ಬ್ರೇಕಿನಿಂದ ಕಾಲೇ ತೆಗೆದಿರಲಿಲ್ಲ. ಬ್ರೇಕಿನೊಳಗಿನ ಎಣ್ಣೆ ಕುದಿಯಿತೆಂದರೆ ಪೆಡಲು ಒತ್ತಿದರೂ ನೆಲಕ್ಕೆ ಹೋಗುತ್ತದೆಯೇ ಹೊರತು ಗಾಡಿ ನಿಲ್ಲುವುದಿಲ್ಲ. ಹಿಂದಿನ ಸೀಟಿನಲ್ಲಿ ನಾದಿನಿ, ಆಕೆಯ ತೊಡೆಯ ಮೇಲೆ ಮೊಮ್ಮಗು. ನನ್ನ ಕೈಯೂ ನಡುಗಿತೆಂದು ಒಪ್ಪಿಕೊಳ್ಳುತ್ತೇನೆ. ಯಾರೋ ನೀರು ಸುರಿಯಲು ಹೊರಟರು. ಕಾದ ಬ್ರೇಕ್ ಡಿಸ್ಕಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುವ ಭಯವಿದೆಯೆಂದು ತಡೆದೆ. ಮುಕ್ಕಾಲು ಗಂಟೆ ಮಂಗಗಳಿಗೆ ಪ್ರದರ್ಶನವಾಗಿ ಕುಳಿತೆವು.

ಆ ಕಾರಿನಲ್ಲೂ 'ಎಂ' ಎಂಬ ಸ್ಥಾನವಿತ್ತು. ಹಿಡಿಯನ್ನು ಅಲ್ಲಿಗೆ ತಂದು ಎರಡನೆಯ ಗೇರಿಗೆ ಇಳಿಸಿ ಕೊಟ್ಟೆ. ಉಳಿದ ತಿರುವುಗಳನ್ನು ಸಾಧುವಾಗಿ ಇಳಿಯಿತು. ಆದ್ದರಿಂದ ತಪ್ಪು ಯಂತ್ರದ್ದೆನ್ನಲಾರೆ. ಆದರೆ ಕೊಂಡು ಎಂಟು ತಿಂಗಳಾದರೂ ಆ 'ಎಂ' ಏಕಿದೆಯೆಂದು ಹುಡುಗನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಗಾಡಿ ಓಡುತ್ತಿತ್ತಲ್ಲ! ಗೇರಿನ ಗಾಡಿ ಈ ಸಲುಗೆ ಕೊಡುವುದಿಲ್ಲ. ಯಾವ ಗೇರಿನಲ್ಲಿದ್ದೇನೆಂದು ತಿಳಿಯದವನನ್ನು ಅದು ಮೊದಲ ದಿನವೇ ನಡುರಸ್ತೆಯಲ್ಲಿ ನಿಲ್ಲಿಸಿ ಮಾನ ಕಳೆಯುತ್ತದೆ. ನಮ್ಮಂಥವರು ಅದನ್ನು ಬಿಡಲೊಲ್ಲದಿರುವುದು ಇದಕ್ಕೇ ಇರಬೇಕು.

ಹೆಬ್ರಿಯಲ್ಲಿ ಇನ್ನೊಂದು ಸಂಗತಿ. ಮೂರನೆಯ ಬೆಳಿಗ್ಗೆ ಬ್ಯಾಟರಿ ಸತ್ತಿತ್ತು. ಪಕ್ಕದ ಮನೆಯ ನಾಲ್ಕು ಹುಡುಗರು ಅಂಗಳದಿಂದ ತಳ್ಳಿದರು, ನಾನು ಎರಡನೆಯ ಗೇರಿನಲ್ಲಿ ಕ್ಲಚ್ ಬಿಟ್ಟೆ, ಗಾಡಿ ಕೆಮ್ಮಿ ಎದ್ದಿತು. ಅಳಿಯನ ಕಾರು ಹೀಗೆ ತಳ್ಳಿದರೆ ಏಳುವ ಜಾತಿಯಲ್ಲ.

ಇಷ್ಟೆಲ್ಲ ಬೀಗಿಕೊಂಡು ಮುಂಬಯಿಗೆ ಮರಳಿದೆ. ಪನವೇಲಿನಿಂದ ಚೆಂಬೂರು ಮುಟ್ಟಲು ಎರಡೂಕಾಲು ಗಂಟೆ. ಕ್ಲಚ್ ಒತ್ತು, ಬಿಡು, ಹತ್ತು ಅಡಿ ಹೋಗು, ಮತ್ತೆ ಒತ್ತು. ವಾಶಿ ಸೇತುವೆಯ ಮೇಲೆ ಎಡಗಾಲು ನನ್ನದೇ ಅಲ್ಲವೆನ್ನುವಂತಾಗಿತ್ತು. ಮನೆ ತಲುಪಿ ಕಾರಿನಿಂದ ಇಳಿಯಲು ಮಗನ ಹೆಗಲು ಬೇಕಾಯಿತು. ಅವನು ಏನೂ ಹೇಳಲಿಲ್ಲ; ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಕಾರನ್ನು ನಮ್ಮ ಕಟ್ಟಡದ್ದೇ ಒಬ್ಬ ತರುಣ ಕೊಂಡ. ಹೊಸದು ಬಂದಿದೆ. 'ಎಂ' ಇರುವುದನ್ನೇ ಆರಿಸಿದೆ ಎಂಬುದಷ್ಟೇ ನನ್ನ ಗೆಲುವು. ಕೀಲಿಕೈ ಕೊಟ್ಟ ಸಂಜೆ ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಹಳೆಯ ಗಾಡಿ ಗೇಟು ದಾಟಿ ರಸ್ತೆಗೆ ತಿರುಗಿತು. ಹುಡುಗ ಒಂದನೆಯ ಗೇರನ್ನೇ ಎಳೆಯುತ್ತಿದ್ದ, ಎಂಜಿನ್ ಕಿರುಚುತ್ತಿತ್ತು. "ಎರಡನೆಯದು ಹಾಕೋ" ಎಂದೆ. ಒಳಗಿನಿಂದ ಹೆಂಡತಿ, "ಯಾರಿಗೆ ಹೇಳುತ್ತಿದ್ದೀರಿ?" ಎಂದು ಕೇಳಿದಳು.