ಕೊನೆಯ ಐದು ಆಟ

ಹತ್ತು ಆಟಕ್ಕೆ ಏಳು ಗೆಲುವು. ಅಕ್ಟೋಬರ್ 21ರ ರಾತ್ರಿ ಅಬುಧಾಬಿಯಲ್ಲಿ ಮೊಹಮ್ಮದ್ ಸಿರಾಜ್ ನಾಲ್ಕು ಓವರಿಗೆ ಎಂಟೇ ರನ್ ಕೊಟ್ಟು ಮೂರು ವಿಕೆಟ್ ಕಿತ್ತ. ಅದರಲ್ಲಿ ಎರಡು ಓವರ್ ಮೇಡನ್. ಕೋಲ್ಕತ್ತಾ 84ಕ್ಕೆ ನಿಂತಿತು, ಆರ್‌ಸಿಬಿಗೆ 14 ಪಾಯಿಂಟ್ ಆಯಿತು. ಇನ್ನು ನಾಲ್ಕು ಆಟ ಬಾಕಿ, ಒಂದು ಗೆದ್ದರೂ ಸಾಕು. ಅರಸೀಕೆರೆ, ಬೇಲೂರು, ಹಳೇಬೀಡು ಮೂರೂ ಕಡೆಯಿಂದ ನಮ್ಮ ವಾಟ್ಸಾಪ್ ಗ್ರೂಪಿಗೆ ಅವತ್ತು ಬಂದ ಮೆಸೇಜು ಒಂದೇ: ಈ ಸಲ ಕಪ್ ನಮ್ದೇ.

ಆಮೇಲೆ ಒಂದೂ ಗೆಲ್ಲಲಿಲ್ಲ.

ನಾವು ಅಂದರೆ ಜರ್ನಲಿಸಂ ಓದಿ ಬೆಂಗಳೂರಿಗೆ ಹೋಗಿ, ಲಾಕ್‌ಡೌನ್ ಆದ ಮೇಲೆ ಊರಿಗೆ ವಾಪಸ್ ಬಂದ ನಾಲ್ವರು. ಒಬ್ಬರಿಗೆ ಅರ್ಧ ಸಂಬಳ, ಇಬ್ಬರಿಗೆ ಕೆಲಸವೇ ಇಲ್ಲ, ಇನ್ನೊಬ್ಬರು ಊರಲ್ಲೇ ಇದ್ದುಕೊಂಡು ಸುದ್ದಿ ಕಳಿಸುತ್ತಾರೆ, ದುಡ್ಡು ಯಾವಾಗ ಬರುತ್ತದೋ ಗೊತ್ತಿಲ್ಲ. ಹಗಲು ಹೊಲ, ತೋಟ. ರಾತ್ರಿ ಏಳೂವರೆಗೆ ಸಿಗ್ನಲ್ ಸಿಗುವ ಜಾಗ ಹುಡುಕಿಕೊಂಡು ಮೊಬೈಲ್ ಹಿಡಿದು ಕೂರುವುದು. ಈ ವರ್ಷ ನಮಗೆ ಗೆಲ್ಲುವ ಅಭ್ಯಾಸ ಇದ್ದದ್ದು ಅದೊಂದರಲ್ಲೇ. ಅದಕ್ಕೇ ಆ ಎರಡು ವಾರದ ಸೋಲು ಇಷ್ಟು ಚುಚ್ಚಿತೋ ಏನೋ.

ಚೆನ್ನೈ ಎದುರು 145 ಹೊಡೆದು ಸೋತರು. ಮುಂಬೈ ಎದುರು 164. ಶಾರ್ಜಾದಲ್ಲಿ ಹೈದರಾಬಾದ್ ಎದುರು 120 ಹೊಡೆದರೆ ಅವರು ಹದಿನೈದು ಓವರ್ ಆಗುವ ಮೊದಲೇ ಮುಗಿಸಿದರು. ಡೆಲ್ಲಿ ಎದುರು 152. ಆ ಸೋಲಲ್ಲೂ ಒಂದು ಅದೃಷ್ಟ ಇತ್ತು. ಡೆಲ್ಲಿಯವರು 17.3 ಓವರೊಳಗೆ ಹೊಡೆದಿದ್ದರೆ ಆರ್‌ಸಿಬಿ ಅವತ್ತೇ ಕಷ್ಟಕ್ಕೆ ಬೀಳುತ್ತಿತ್ತು. ಅವರು 19 ಓವರ್ ತೆಗೆದುಕೊಂಡರು. ಆರ್‌ಸಿಬಿ, ಕೋಲ್ಕತ್ತಾ ಇಬ್ಬರಿಗೂ 14 ಪಾಯಿಂಟ್. ರನ್‌ರೇಟಲ್ಲಿ ನಮ್ಮದು ಮೈನಸ್ 0.172, ಅವರದು ಮೈನಸ್ 0.214. ಕೂದಲೆಳೆಯಲ್ಲಿ ಒಳಗೆ ಬಂದು, ನವೆಂಬರ್ 6ಕ್ಕೆ ಎಲಿಮಿನೇಟರಿನಲ್ಲಿ 131 ಹೊಡೆದು, ಎರಡು ಬಾಲ್ ಬಾಕಿ ಇರುವಾಗ ಮನೆಗೆ ಹೊರಟರು.

ಮಾರನೇ ದಿನ ಟೀ ಅಂಗಡಿಯಲ್ಲಿ ಕಾರಣಗಳಿಗೆ ಬರ ಇರಲಿಲ್ಲ. ಬೇಲೂರಲ್ಲಿ ಒಬ್ಬರು, ಎಲ್ಲಾ ಮೊದಲೇ ಮಾತಾಡಿಕೊಂಡಿರ್ತಾರೆ ಕಣಯ್ಯ ಅಂದರು. ಇನ್ನೊಬ್ಬರು ಕೊಹ್ಲಿಯ ಹಣೆಬರಹ ಅಂದರು. ಬೌಲರುಗಳಿಗೆ ದಮ್ಮಿಲ್ಲ ಅನ್ನುವುದು ಮಾತ್ರ ಮೂರೂ ಊರಲ್ಲಿ ಕೇಳಿಸಿತು. ಈ ಕೊನೆಯದ್ದು ನಮಗೆ ಸರಿ ಕಾಣುವುದಿಲ್ಲ. ಐದೂ ಆಟದಲ್ಲಿ ಆರ್‌ಸಿಬಿಯದೇ ಮೊದಲ ಬ್ಯಾಟಿಂಗ್. ಒಂದು ಸಲವೂ 165 ಮುಟ್ಟಲಿಲ್ಲ. ಇಷ್ಟು ಕಡಿಮೆ ರನ್ ಇಟ್ಟುಕೊಂಡು ಕೊನೇ ಆಟವನ್ನು ಕೊನೇ ಓವರ್ ತನಕ ಎಳೆದವರು ಬೌಲರುಗಳೇ. ಹೊಣೆ ಮಾತ್ರ ಅವರ ತಲೆಗೆ.

ಅವರ ಮೈಯೂ ಅಷ್ಟರಲ್ಲಿ ಸೋತಿತ್ತು. ಚೆನ್ನೈ ಎದುರು ನವದೀಪ್ ಸೈನಿಯ ಬೌಲಿಂಗ್ ಕೈಯ ಹೆಬ್ಬೆರಳ ಹತ್ತಿರ ಸೀಳಿ, ಮುಂಬೈ ಆಟಕ್ಕೆ ಆತ ಇರಲಿಲ್ಲ. ಕ್ರಿಸ್ ಮೋರಿಸ್ ಸೀಸನ್ನಿನ ಮೊದಲ ಐದು ಆಟವನ್ನೇ ಗಾಯದಿಂದ ತಪ್ಪಿಸಿಕೊಂಡಿದ್ದ. ಎಲಿಮಿನೇಟರ್ ದಿನ ಮತ್ತೆ ಗಾಯವಾಗಿ ಹೊರಗೆ. ಬೌಲಿಂಗೂ ಮಾಡಿ ಕೊನೆಯಲ್ಲಿ ನಾಲ್ಕು ಹೊಡೆತವನ್ನೂ ಹೊಡೆಯುವ ಆಳು ಒಬ್ಬ ಬಿದ್ದರೆ ಎರಡು ಕಡೆ ತೂತು. ದೇವದತ್ತ ಪಡಿಕ್ಕಲ್ ಆ ಐದರಲ್ಲಿ ಎರಡು ಸಲ ಐವತ್ತು ಮುಟ್ಟಿದ. ಇಪ್ಪತ್ತು ವರ್ಷದ ಹುಡುಗ, ಟೀಮಿಗೇ ಹೆಚ್ಚು, 473 ರನ್. ಆ ಐದೂ ಆಟದ ಹನ್ನೊಂದು ಜನರಲ್ಲಿ ಕರ್ನಾಟಕಕ್ಕೆ ಆಡುವವನು ಅವನೊಬ್ಬನೇ ಅನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. 2020ರಲ್ಲಿ ರಾಹುಲ್, ಮಯಾಂಕ್ ಎಲ್ಲ ಪಂಜಾಬಿನಲ್ಲಿದ್ದರು. ಆದರೂ ನಮ್ಮ ಟೀಮು ಅಂತ ನಾವು ಬಡಿದಾಡುತ್ತೇವೆ, ಅದು ಬೇರೆ ವಿಷಯ.

ಗಾಯದ ಮಾತು ಬಂದಾಗ ನಮ್ಮ ಕಡೆಯವರಿಗೆ ಒಂದು ಹೆಸರು ತಾನಾಗಿ ಬಾಯಿಗೆ ಬರುತ್ತದೆ. ಹಳೇಬೀಡಿನಿಂದ ಜಾವಗಲ್ ದೂರವೇನಲ್ಲ, ಅರಸೀಕೆರೆ ತಾಲ್ಲೂಕಿನ ಊರು, ಹೊಯ್ಸಳರ ನರಸಿಂಹನ ಗುಡಿ ಇದೆ. ಶ್ರೀನಾಥ್ ಹುಟ್ಟಿ ಬೆಳೆದದ್ದು ಮೈಸೂರಲ್ಲಿ, ಇಂಜಿನಿಯರಿಂಗ್ ಓದಿದ್ದೂ ಅಲ್ಲೇ. ಹೆಸರಿನ ಮುಂದೆ ಮಾತ್ರ ಊರು ಹೋಯಿತು, ಕಾಮೆಂಟರಿಯವರ ಬಾಯಲ್ಲಿ ಲೋಕವೆಲ್ಲ ಸುತ್ತಿತು. 1997ರಲ್ಲಿ ಅವರ ಭುಜ ಕೈಕೊಟ್ಟಿತು. ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿ ಆಪರೇಷನ್ ಆಯಿತು. ಆ ಪ್ರವಾಸದಲ್ಲಿ ಬಾರ್ಬಡೋಸಿನಲ್ಲಿ ಇಂಡಿಯಾ 120 ಹೊಡೆಯಲಾಗದೆ 81ಕ್ಕೆ ಆಲೌಟಾಗಿ ಸೋತಿತು. ನಮ್ಮ ಮನೆಯ ದೊಡ್ಡವರು ಈಗಲೂ, ಶ್ರೀನಾಥ್ ಇದ್ದಿದ್ರೆ ಅನ್ನುತ್ತಾರೆ. ಎಂಬತ್ತೊಂದಕ್ಕೆ ಔಟಾದವರು ಬ್ಯಾಟ್ಸ್‌ಮನ್‌ಗಳು ಅಂದರೆ ಕೇಳುವುದಿಲ್ಲ.

ಆ ಭುಜವೇ 1999ರಲ್ಲಿ ಕೋಲ್ಕತ್ತಾದಲ್ಲಿ ಪಾಕಿಸ್ತಾನದ ಎದುರು ಒಂದೇ ಟೆಸ್ಟಿನಲ್ಲಿ 13 ವಿಕೆಟ್ ತೆಗೆಯಿತು. ಇಂಡಿಯಾ ಸೋತಿತು, 46 ರನ್ನಿಗೆ. ಅವರ ಲೆಕ್ಕದಲ್ಲಿ ಒಟ್ಟು 236 ಟೆಸ್ಟ್ ವಿಕೆಟ್, 315 ಒಂದು ದಿನದ ವಿಕೆಟ್ ಇವೆ. ಆಪರೇಷನ್ ಮಾಡುವ ಡಾಕ್ಟರು, ಆಮೇಲೆ ತಿಂಗಳುಗಟ್ಟಲೆ ಸುಮ್ಮನಿರುವ ಅವಕಾಶ, ವಾಪಸ್ ಬಂದಾಗ ಜಾಗ. ಇವಿಲ್ಲದಿದ್ದರೆ ಈ ಲೆಕ್ಕದಲ್ಲಿ ಅರ್ಧ ಇರುತ್ತಿರಲಿಲ್ಲ.

ಇದನ್ನೆಲ್ಲ ಬರೆಯಲು ಕೂತದ್ದು ನಮ್ಮಲ್ಲೊಬ್ಬನ ಬಲಭುಜದಿಂದ. ಟೆನಿಸ್ ಬಾಲ್ ಟೂರ್ನಮೆಂಟು ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಸುಗ್ಗಿ ಮುಗಿದ ಗದ್ದೆಯಲ್ಲೋ ಹೈಸ್ಕೂಲ್ ಮೈದಾನದಲ್ಲೋ ಎಂಟು ಓವರಿನ ಆಟ, ಒಂದೇ ಭಾನುವಾರ ನಾಲ್ಕು ಮ್ಯಾಚು, ಫೈನಲ್ ರಾತ್ರಿ ಲೈಟ್ ಹಾಕಿ. ಮೊದಲ ಬಹುಮಾನದ ದುಡ್ಡನ್ನು ಹನ್ನೊಂದು ಜನ ಹಂಚಿದರೆ ಪೆಟ್ರೋಲಿಗೆ ಸಾಕು. ಇವನು ನಮ್ಮ ಟೀಮಿನ ಸಿರಾಜ್. ಹೋದ ಫೆಬ್ರವರಿಯಲ್ಲಿ ಮೂರನೇ ಮ್ಯಾಚಿಗೇ ಕೈ ಎತ್ತಲಾಗದೆ, ನಾಲ್ಕನೆಯದನ್ನು ಸ್ಪ್ರೇ ಹೊಡೆದುಕೊಂಡು ಹಾಕಿದ. ಬೇರೆ ಬೌಲರ್ ಇರಲಿಲ್ಲ. ನಾಟಿ ಎಣ್ಣೆ ತಿಕ್ಕಿದ್ದಾಯಿತು, ಪಟ್ಟು ಹಾಕಿದ್ದಾಯಿತು. ಮಾರ್ಚ್‌ನಲ್ಲಿ ಆಸ್ಪತ್ರೆಗೆ ಹೋಗೋಣ ಅನ್ನುವಷ್ಟರಲ್ಲಿ ಎಲ್ಲಾ ಬಂದ್. ಈಗ ತೆಂಗಿನಕಾಯಿ ಚೀಲ ಎಡಗೈಯಲ್ಲೇ ಎಳೆಯುತ್ತಾನೆ, ಅಂಗಿ ಹಾಕಿಕೊಳ್ಳುವಾಗ ಹಲ್ಲು ಕಚ್ಚುತ್ತಾನೆ.

ಸೋತ ರಾತ್ರಿ ಅವನೇ ಅಂದ, ಮೋರಿಸ್‌ಗೆ ಏನಾಗಿದೆ ಅಂತ ಟಿವಿಯವರು ಹೇಳ್ತಾರೆ, ನನಗೆ ಏನಾಗಿದೆ ಅಂತಾನೇ ಗೊತ್ತಿಲ್ಲ ಕಣ್ರೋ. ಪಕ್ಕದಲ್ಲಿ ಕೂತಿದ್ದ ಅವನ ತಾತ ಮಧ್ಯೆ ಬಾಯಿ ಹಾಕಿದರು. ಹೆಗಲು ಬಾತ ಎತ್ತಿಗೆ ಯಾರಾದರೂ ನೊಗ ಹಾಕ್ತಾರೇನಪ್ಪ, ವಾಸಿಯಾಗೋವರೆಗೂ ಕಟ್ಟಿ ಮೇಯಿಸ್ತೀವಲ್ಲ ಅಂದರು. ಎತ್ತಿಗೆ ರಜ ಕೊಡುವ ಮನೆಯಲ್ಲಿ ಆಳಿಗೆ ರಜ ಸಿಕ್ಕಿರಲಿಲ್ಲ. ತಾತ ಅದನ್ನು ಹೇಳಲಿಲ್ಲ, ನಾವೂ ಹೇಳಲಿಲ್ಲ.

ಹಾಸನದ ಮೂಳೆ ಡಾಕ್ಟರ ಹತ್ತಿರ ಹೋಗುವುದು ಅಂತ ಈಗ ತೀರ್ಮಾನ ಆಗಿದೆ. ಸ್ಕ್ಯಾನಿಂಗಿನ ದುಡ್ಡಿಗೆ ನಾಲ್ವರೂ ಸೇರಿದ್ದೇವೆ, ಅರ್ಧ ಸಂಬಳದವನದೇ ದೊಡ್ಡ ಪಾಲು. ಮುಂದಿನ ವಾರವೇ ಹೋಗೋಣ ಅಂದರೆ ಅವನು ಒಪ್ಪುತ್ತಿಲ್ಲ. ರಾಗಿ ತೆನೆ ಬಲಿತಿದೆ, ಕುಯ್ಲಿಗೆ ಆಳು ಸಿಗುತ್ತಿಲ್ಲ, ಅದೊಂದು ಮುಗಿಯಲಿ ಅನ್ನುತ್ತಿದ್ದಾನೆ.