ಪೆನ್‌ಡ್ರೈವ್ ಕೊಳ್ಳುವ ಮುನ್ನ

ಖಟಕ ಚಿಂಚೋಳಿ ಸುತ್ತ ಸುದ್ದಿ ಮಾಡುವ ನಮಗೆ ನೆಟ್‌ವರ್ಕ್ ಕೈಕೊಟ್ಟಾಗ ಪೆನ್‌ಡ್ರೈವೇ ಗತಿ. ಮಳೆಗೆ ನೆಲಕಚ್ಚಿದ ಸೋಯಾ ಹೊಲದ ವಿಡಿಯೊ ಅದರಲ್ಲೇ ಭಾಲ್ಕಿ ಬಸ್ ಹತ್ತುತ್ತದೆ. ಅದು ಅಳಿಸಿಹೋದರೆ ಮತ್ತೆ ಚಿತ್ರೀಕರಿಸಲು ಆ ಹೊಲ ಹಾಗೇ ಇರುವುದಿಲ್ಲ.

ಹಾಗಾಗಿ ಕೊಳ್ಳುವಾಗ ನಾವು ಜಿಬಿ ಒಂದನ್ನೇ ನೋಡುವುದಿಲ್ಲ. ಯುಎಸ್‌ಬಿ 2.0ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್, 3.0ರದ್ದು 5 ಗಿಗಾಬಿಟ್. ಆದರೆ ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿರುವುದು ಹೆಚ್ಚಾಗಿ ಓದುವ ವೇಗ. ವಿಡಿಯೊ ತುಂಬಿಸಲು ಬೇಕಾದ್ದು ಬರೆಯುವ ವೇಗ. ಅಂಗಡಿಯಲ್ಲಿ ಅದನ್ನೇ ಕೇಳಿ. ಕಂಪ್ಯೂಟರಿನ ಪೋರ್ಟ್ 2.0 ಆಗಿದ್ದರೆ ದುಬಾರಿ ಡ್ರೈವೂ ನಿಧಾನವೇ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಡ್ರೈವ್ ಖಾಲಿ ಇದ್ದಾಗಲೇ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಸಿ.

ಸಸ್ತಾಕ್ಕೆ ಸಿಗುವ ‘2 ಟಿಬಿ’ ನಂಬಬೇಡಿ. ನಕಲಿ ಡ್ರೈವ್ ತೋರಿಸುವುದೊಂದು, ಹಿಡಿಯುವುದಿನ್ನೊಂದು. ಕೊಂಡ ದಿನವೇ ಪೂರ್ತಿ ತುಂಬಿಸಿ, ಫೈಲ್‌ಗಳನ್ನು ತೆರೆದು ನೋಡಿ. ಜೇಬಿನಲ್ಲಿ ತಿರುಗಾಡುವ ಡ್ರೈವಿಗೆ ಲೋಹದ ಮೈ ಲೇಸು. ಕೀಳುವ ಮುನ್ನ ‘ಇಜೆಕ್ಟ್’ ಒತ್ತಿ.

ಡ್ರೈವ್ ಎಂದರೆ ಕಾಳು ಸಾಗಿಸುವ ಚೀಲವಿದ್ದಂತೆ. ವರ್ಷಗಟ್ಟಲೆ ಕೂಡಿಡುವ ಹಗೇವಲ್ಲ. ಸುದ್ದಿ ಬಂದ ಮೇಲೂ ನಾವು ಇನ್ನೊಂದು ಪ್ರತಿ ಬೇರೆಡೆ ಇಡುತ್ತೇವೆ. ಮೂರು ತಿಂಗಳಾದ ಮೇಲೆ, ಪರಿಹಾರ ಸಿಗದ ರೈತ “ಅಣ್ಣಾ, ಆ ವಿಡಿಯೊ ಅದಾ?” ಎಂದು ಕೇಳಿಕೊಂಡು ಬರಬಹುದು.