ತುಕ್ಕಿನ ವರ್ಣ

ಹೈದರಾಬಾದಿನ ಚಿತ್ರಕಾರ ಸೂರ್ಯಪ್ರಕಾಶರನ್ನು (1940–2019) ನೆನೆವವರು ಬಹುಮಟ್ಟಿಗೆ ಅವರ ತಾವರೆಗೊಳಗಳನ್ನೂ ನೀರಿನ ಮೇಲಣ ತರಗೆಲೆಗಳನ್ನೂ ನೆನೆವರಲ್ಲದೆ, ತಾರುಣ್ಯದಲ್ಲಿ ಅವರು ಗುಜರಿಗೆ ಬಿದ್ದ ಮುರುಕು ಮೋಟಾರುಗಳನ್ನು ಕುರಿತು ರಚಿಸಿದ ಚಿತ್ರಗಳನ್ನು ಸ್ಮರಿಸುವವರು ವಿರಳ. ಇಟಲಿಯ ಬೊಲೋನ್ಯಾದ ಸ್ಥಿರವಸ್ತುಚಿತ್ರಕಾರ ಮೊರಾಂಡಿ ತನ್ನ ಕೋಣೆಯ ಅವೇ ಸೀಸೆ, ಹೂಜಿ, ಡಬ್ಬಿಗಳನ್ನು ದಶಕಗಟ್ಟಲೆ ಅತ್ತಿತ್ತ ಸರಿಸಿ ಚಿತ್ರಿಸಿದನೆಂಬುದು ಲೋಕವಿದಿತ. ಅಲ್ಲಿ ವಸ್ತುಗಳು ಚಿತ್ರಕಾರನ ಆಜ್ಞೆಯಂತೆ ನಿಂತವು. ಗುಜರಿಯ ವಿನ್ಯಾಸವಾದರೋ ಯಾರೂ ಜೋಡಿಸದೆ ತಾನಾಗಿ ಒದಗಿದುದು: ಒಂದು ಕಾಲಕ್ಕೆ ಸಂಸಾರಗಳನ್ನು ಹೊತ್ತು ತಿರುಗಿದ ಗಾಡಿಯ ಬಾಗಿಲು, ಚಕ್ರ, ಯಂತ್ರಗಳು, ಒಡೆಯನ ಹೆಸರಳಿದು, ಉಪಯೋಗವಳಿದು, ಕಡೆಗೆ ಆಕಾರವೂ ಅಳಿಯುವ ಹೊತ್ತಿಗೆ, ಮಳೆಬಿಸಿಲುಗಳು ಬಳಿದ ಕೆಂಗಂದು ಬಣ್ಣವೊಂದನ್ನೇ ತಮ್ಮ ಗತಜೀವನದ ಸಾಕ್ಷ್ಯವಾಗಿ ಉಳಿಸಿಕೊಂಡಿರುತ್ತವೆ. ಸ್ಥಿರವಸ್ತುಚಿತ್ರವೆಂದರೆ ಹಣ್ಣಿನ ತಟ್ಟೆ, ಹೂದಾನಿಗಳೆಂದು ಶಾಲೆಯಲ್ಲಿ ಕಲಿತ ನಮಗೆ (ನಮ್ಮ ಡ್ರಾಯಿಂಗ್ ಮೇಷ್ಟರಿಗಂತೂ ಮಾವಿನಹಣ್ಣಲ್ಲದೆ ಅನ್ಯವಸ್ತು ತೋಚುತ್ತಲೇ ಇರಲಿಲ್ಲ) ಗುಜರಿಯ ಚಿತ್ರವೂ ಆ ವರ್ಗಕ್ಕೇ ಸೇರಿದುದೆಂದು ಒಪ್ಪುವುದು ಕೊಂಚ ಕಷ್ಟವೇ ಸರಿ. ಕೊಳದ ಚಿತ್ರಗಳು ಕಣ್ಣಿಗೆ ತಂಪು, ಅದರಲ್ಲಿ ಸಂದೇಹವಿಲ್ಲ. ಆದರೆ ಮನುಷ್ಯನೊಬ್ಬನನ್ನೂ ಬರೆಯದೆ ಮನುಷ್ಯರು ಬಾಳಿದ ಬಾಳನ್ನು ನೆನಪಿಗೆ ತರುವ ಶಕ್ತಿಯಲ್ಲಿ ಆ ಗುಜರಿಚಿತ್ರಗಳೇ ಮೇಲೆಂಬುದು ನನ್ನ ಮತ.